ಸರದಿ ಬರುವ ತನಕ: ಚೌಕಾಬಾರದಿಂದ ನವಿ ಮುಂಬೈನ ಲೂಡೋವರೆಗೆ

ಹೋದ ವಾರದ ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ ಇದು. ಒಂದು ಕೈಯಲ್ಲಿ ಲೋಕಲ್ ಟ್ರೈನಿನ ಹಿಡಿಕೆ, ಇನ್ನೊಂದರಲ್ಲಿ ಫೋನ್ ಹಿಡಿದು ಓದುವವರು ನಮ್ಮಲ್ಲಿ ಜಾಸ್ತಿ. ಅವರಿಗಾಗಿ ಅಲ್ಲಲ್ಲಿ ತಿದ್ದಿ, ವಿಡಿಯೋದಲ್ಲಿ ಬಿಟ್ಟುಹೋಗಿದ್ದ ಎರಡು ಲೆಕ್ಕ ಸೇರಿಸಿದ್ದೇನೆ.

ವಿಷಯ ಸರಳ. ಆನ್‌ಲೈನ್‌ನಲ್ಲಿ ನಾಲ್ಕು ಜನ ಸೇರಿ ಆಡುವ ಆಟದಲ್ಲಿ ಪೂರ್ತಿ ಸುಖ ಸಿಗೋದು ಹೇಗೆ? ‘ಒಳ್ಳೆ ಫೋನ್ ತಗೊಳ್ಳಿ, ಒಳ್ಳೆ ಇಂಟರ್‌ನೆಟ್ ಹಾಕಿಸಿ’ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನಾನು ಇತಿಹಾಸದ ಕಡೆಯಿಂದ ಬರ್ತೀನಿ. ಅದಕ್ಕೆ ಎರಡು ಕಾರಣ. ದೇಶದ ಮನೆಮನೆಗೆ ಹೋದ ಒಂದು ಆಟ ತಯಾರಾಗಿದ್ದು ನಾವು ದಿನಾ ಕೆಲಸಕ್ಕೆ ಹೋಗಿಬರುವ ನವಿ ಮುಂಬೈನಲ್ಲಿ. ಮತ್ತೊಂದು, ಅದೇ ಜಾತಿಯ ಆಟದಲ್ಲಿ ನಾನೇ ಒಮ್ಮೆ ಕೆಟ್ಟೆ. ಅದನ್ನೂ ಹೇಳ್ತೀನಿ.

ಮೊದಲು ಊರಿಂದ ಶುರು ಮಾಡೋಣ. ನನ್ನದು ಸಾಗರದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಕರೆಂಟು ಹೋದ ಸಂಜೆ ಜಗಲಿಯಲ್ಲಿ ಸೀಮೆಸುಣ್ಣದಿಂದ ಐದು ಅಡ್ಡ, ಐದು ಉದ್ದ ಮನೆ ಬರೆದು ಚೌಕಾಬಾರ ಆಡ್ತಿದ್ವಿ. ಕವಡೆ ಇಲ್ಲದಿದ್ದರೆ ಹುಣಿಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ತೇಯ್ದು ಬಿಳಿ ಮಾಡ್ಕೊಳ್ಳೋದು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಎರಡಕ್ಕೂ ಇನ್ನೊಂದು ಸಲ ಹಾಕುವ ಹಕ್ಕು. ಇದರಲ್ಲಿ ಒಂದು ಅದ್ಭುತ ನಿಯಮ ಇದೆ: ಒಬ್ಬರ ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅಂದರೆ ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನು ಹಣ್ಣಾಗಿ ಬಿಡ್ತೀನಿ ಅನ್ನೋನಿಗೆ ಈ ಆಟದಲ್ಲಿ ಜಾಗ ಇಲ್ಲ. ಎದುರಿಗಿರುವವರ ಜೊತೆ ವ್ಯವಹಾರ ಮಾಡಲೇಬೇಕು.

ನಮ್ಮಲ್ಲಿ ಆಟಗಳನ್ನು ಅತ್ಯಂತ ಗಂಭೀರವಾಗಿ ತಗೊಂಡ ದೊಡ್ಡ ಮನುಷ್ಯ ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. ಗಂಜೀಫಾ ಎಲೆಗಳಲ್ಲಿ, ಮಣೆಯಾಟಗಳಲ್ಲಿ ಹೊಸಹೊಸದನ್ನು ಕಟ್ಟಿದವರು. ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗಾಗಿಯೇ ‘ಕೌತುಕನಿಧಿ’ ಎಂಬ ಭಾಗ ಇದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳ ಚಿತ್ರ ಬರೆಸಿದ್ದಾರೆ. ಇಲ್ಲೊಂದು ಇಸವಿ ನೆನಪಿಡಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತಗೊಂಡರು. ಅದು ಮರಳಿ ಒಡೆಯರ ಮನೆತನಕ್ಕೆ ಬಂದದ್ದು 1881ರಲ್ಲಿ, ಅವರ ದತ್ತುಪುತ್ರನ ಕಾಲಕ್ಕೆ. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಅಂದರೆ 37 ವರ್ಷ ರಾಜ್ಯ ವಾಪಸ್ ಬರಲಿ ಅಂತ ಕಾಯ್ತಾ ಇದ್ದ ದೊರೆ. ಆ ಕಾಯುವಿಕೆಗೂ ಈ ಆಟಗಳಿಗೂ ಸಂಬಂಧ ಇದ್ದೇ ಇರಬೇಕು ಅನ್ನೋದು ನನ್ನ ಊಹೆ. ಊಹೆ ಅಂತಲೇ ತಗೊಳ್ಳಿ.

ನಮ್ಮ ಪಗಡೆ, ಪಚೀಸಿಯ ಮಣೆಯೇ ಇಂಗ್ಲೆಂಡಿಗೆ ಹೋಗಿ, ಕವಡೆಯ ಜಾಗದಲ್ಲಿ ಆರು ಮುಖದ ದಾಳ ಬಂದು, 1896ರಲ್ಲಿ ಲೂಡೋ ಅನ್ನೋ ಹೆಸರಲ್ಲಿ ಪೇಟೆಂಟ್ ಆಯ್ತು. ಆಮೇಲೆ ರಟ್ಟಿನ ಮಣೆಯಾಗಿ ನಮ್ಮ ಅಂಗಡಿಗಳಿಗೇ ವಾಪಸ್ ಬಂತು.

ಈಗ ಲೆಕ್ಕದ ವಿಷಯ. ಲೂಡೋದಲ್ಲಿ ಕಾಯಿ ಹೊರಗೆ ಬರಬೇಕಾದರೆ ಆರು ಬೀಳಬೇಕು. ಹತ್ತು ಸರದಿ ಹಾಕಿದರೂ ಒಂದೂ ಆರು ಬೀಳದಿರುವ ಸಂಭವ ಎಷ್ಟು? ಆರರಲ್ಲಿ ಐದು ಭಾಗವನ್ನು ಹತ್ತು ಸಲ ಗುಣಿಸಿ: ಸುಮಾರು ಶೇ. 16. ಒಬ್ಬನ ಮಟ್ಟಿಗೆ ಇದು ಸಣ್ಣದು ಅನ್ಸುತ್ತೆ. ಆದರೆ ಆಡೋರು ನಾಲ್ಕು ಜನ. ನಾಲ್ವರಲ್ಲಿ ಕನಿಷ್ಠ ಒಬ್ಬರಿಗೆ ಹತ್ತು ಸರದಿಯ ತನಕ ಆರು ಬೀಳದಿರುವ ಸಂಭವ ಸುಮಾರು ಶೇ. 50! ಹೆಚ್ಚುಕಮ್ಮಿ ಎರಡು ಆಟಕ್ಕೆ ಒಂದು ಆಟದಲ್ಲಿ ಯಾರಾದರೂ ಒಬ್ಬರು ಸುಮ್ಮನೆ ಕೂತೇ ಇರ್ತಾರೆ. ‘ಈ ಆ್ಯಪ್ ಮೋಸ ಮಾಡ್ತಿದೆ, ನನಗೆ ಮಾತ್ರ ಆರು ಕೊಡಲ್ಲ’ ಅಂತ ರೇಗುವವರು ಈ ಲೆಕ್ಕ ಒಂದ್ಸಲ ಮಾಡಿ ನೋಡಿ. ಮೋಸವೇ ಇಲ್ಲದ ದಾಳವೂ ಹೀಗೇ ಕಾಯಿಸುತ್ತೆ.

ನನಗೆ ಹೊಳೆದದ್ದು ಇಷ್ಟು. ಈ ಆಟದಲ್ಲಿ ಖಾಲಿ ಹೊತ್ತು ಮೊದಲಿಂದಲೂ ಇದೆ. ಜಗಲಿಯಲ್ಲಿ ಆ ಹೊತ್ತನ್ನು ತುಂಬುತ್ತಿದ್ದದ್ದು ಮಾತು: ಕೀಟಲೆ, ಊರ ಸುದ್ದಿ, ‘ಏಯ್, ಕವಡೆ ಸರಿಯಾಗಿ ಹಾಕೋ’ ಅನ್ನೋ ಜಗಳ. ಇದನ್ನೇ ನೀವು ಸೆಂಟ್ರಲ್ ಲೈನಿನಲ್ಲಿ ಇವತ್ತಿಗೂ ನೋಡಬಹುದು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಬಂತು. ಮರುವರ್ಷ ಹಳಿ ಕಲ್ಯಾಣದ ತನಕ ಬೆಳೀತು. ಅದೇ ದಾರಿಯಲ್ಲಿ ಈಗ ಮೊಣಕಾಲ ಮೇಲೆ ಒಂದು ಬ್ಯಾಗು ಅಡ್ಡ ಇಟ್ಕೊಂಡು ನಾಲ್ಕು ಜನ ಇಸ್ಪೀಟು ಆಡ್ತಾರೆ. ಅದೇ ಡಬ್ಬಿ, ಅದೇ ಜನ. ಒಬ್ಬ ರಜೆ ಹಾಕಿದರೆ ‘ಯಾಕೆ ಬಂದಿಲ್ಲ’ ಅಂತ ಫೋನ್ ಹೋಗುತ್ತೆ. ಆಟ ಎಷ್ಟು ಹೊತ್ತಿಗೆ ಮುಗೀಬೇಕು ಅನ್ನೋದನ್ನು ಅವರು ತೀರ್ಮಾನಿಸಬೇಕಾಗಿಲ್ಲ, ಇಳಿಯುವ ಸ್ಟೇಷನ್ನೇ ತೀರ್ಮಾನಿಸುತ್ತೆ.

ಆನ್‌ಲೈನ್ ಆಟದ ಹುಟ್ಟಿನಲ್ಲೂ ಇದೇ ಕಥೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಅನ್ನೋ ಆಟ ಬರೆಯೋಕೆ ಶುರು ಮಾಡಿದ. ಮುಂದೆ ಅದನ್ನು ಬೆಳೆಸಿದ್ದು ರಿಚರ್ಡ್ ಬಾರ್ಟಲ್. ಚಿತ್ರ ಇಲ್ಲ, ಬರೀ ಅಕ್ಷರ. ಬೇರೆಬೇರೆ ಟರ್ಮಿನಲ್ ಮುಂದೆ ಕೂತವರು ಒಂದೇ ಲೋಕದೊಳಗೆ ಓಡಾಡೋದು. ಬಾರ್ಟಲ್ 1996ರಲ್ಲಿ ಬರೆದ ಪ್ರಬಂಧದಲ್ಲಿ ಆಟಗಾರರನ್ನು ನಾಲ್ಕು ಬಗೆ ಮಾಡಿದ್ದಾರೆ: ಸಾಧಿಸಬೇಕು ಅನ್ನೋರು, ಹುಡುಕಾಡೋರು, ಬೆರೆಯೋಕೆ ಬರೋರು, ಇನ್ನೊಬ್ಬರನ್ನು ಕಾಡಿ ಖುಷಿಪಡೋರು. ನೀವು ಯಾವ ಬಗೆ ಅಂತ ತಿಳ್ಕೊಂಡರೆ ಅರ್ಧ ಸುಖ ಅಲ್ಲೇ ಇದೆ. ನಾನು ಬೆರೆಯೋಕೆ ಬರೋನು. ಆದರೆ ಸಾಧಿಸೋನು ಅಂತ ಅಂದ್ಕೊಂಡು ವರ್ಷಗಟ್ಟಲೆ ರ‍್ಯಾಂಕಿನ ಹಿಂದೆ ಓಡಿದೆ.

ಇನ್ನು ನವಿ ಮುಂಬೈಗೆ ಬರೋಣ. ಪಟ್ನಾದಿಂದ ಬಂದ ವಿಕಾಶ್ ಜೈಸ್ವಾಲ್ ಮುಂಬೈನ ಇಂಡಿಯಾಗೇಮ್ಸ್ ಕಂಪನಿಯಲ್ಲಿ ಕೆಲಸ ಮಾಡಿ, ಆಮೇಲೆ ನವಿ ಮುಂಬೈನಲ್ಲಿ ಗೇಮೆಷನ್ ಅನ್ನೋ ಸ್ವಂತ ಕಂಪನಿ ಕಟ್ಟಿದರು. ನಮ್ಮ ಹಾಗೇ ಊರು ಬಿಟ್ಟು ಬಂದ ಎಂಜಿನಿಯರ್. 2016ರಲ್ಲಿ ಅವರ ಕಂಪನಿ ಲೂಡೋ ಕಿಂಗ್ ಬಿಡುಗಡೆ ಮಾಡ್ತು. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಡೇಟಾ ಅಗ್ಗವಾಯ್ತು. 10 ಕೋಟಿ ಡೌನ್‌ಲೋಡ್ ದಾಟಿದ ಮೊದಲ ಭಾರತೀಯ ಗೇಮ್ ಅನ್ನೋ ಹೆಸರು ಲೂಡೋ ಕಿಂಗ್‌ನದ್ದಾಯ್ತು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತಲ್ಲ, ಆಗ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾನು, ನನ್ನ ಹೆಂಡತಿ. ಊರಲ್ಲಿ ಅಮ್ಮ ಒಬ್ಬಳೇ. ಅಕ್ಕ ಭಾವ ಬೆಂಗಳೂರಲ್ಲಿ. ರಾತ್ರಿ ಒಂಬತ್ತಕ್ಕೆ ಲೂಡೋ ಕಿಂಗ್‌ನಲ್ಲಿ ಸ್ವಂತ ರೂಮ್ ತೆರೆದು, ಕೋಡ್ ಕಳಿಸಿ ನಾಲ್ವರು ಸೇರ್ತಿದ್ವಿ. ಮಾತಿಗೆ ವಾಟ್ಸ್ಆ್ಯಪ್ ಗ್ರೂಪ್ ಕಾಲ್. ಆಗ ಅದರಲ್ಲಿ ನಾಲ್ಕೇ ಜನಕ್ಕೆ ಜಾಗ ಇತ್ತು. ಏಪ್ರಿಲ್ ಕೊನೆಗೆ ಅದನ್ನು ಎಂಟು ಮಾಡಿದರು. ಆ ವರ್ಷವೇ ಲೂಡೋ ಕಿಂಗ್‌ನವರೂ ಆಟದೊಳಗೇ ಮಾತಾಡುವ ಸೌಲಭ್ಯ ಕೊಟ್ಟರು. ಆಡುವ ಜನ ಮಾತು ಕೇಳಿದರು, ಮಾಡುವ ಕಂಪನಿ ಕೊಡಲೇಬೇಕಾಯ್ತು ಅಂತ ನಾನು ಇದನ್ನು ಓದ್ಕೊಳ್ತೀನಿ.

‘ಎಂಥ ಮಾರಾಯ, ಇನ್ನೂ ಮನೆಯೊಳಗೇ ಕೂತಿದೀಯಾ?’ ಅಂತ ಅಮ್ಮ ನಗ್ತಿದ್ದಳು. ಲೂಡೋದ ಕಾಯಿಗೂ ಲಾಕ್‌ಡೌನಿಗೂ ಸೇರಿಸಿ ಹೇಳ್ತಿದ್ದ ಮಾತು ಅದು.

ಈಗ ನಾನು ಕೆಟ್ಟ ಕಥೆ. 2021ರ ಆಗಸ್ಟ್ 15ರಿಂದ ಎರಡು ಡೋಸ್ ಆದವರಿಗೆ ಲೋಕಲ್ ಟ್ರೈನ್ ತೆರೀತು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಳಿ. ಯಾರೋ ತೋರಿಸಿದ ಒಂದು ಆ್ಯಪ್ ಹಾಕ್ಕೊಂಡೆ. ದುಡ್ಡು ಕಟ್ಟಿ ಅಪರಿಚಿತರ ಜೊತೆ ಆಡೋ ಲೂಡೋ. 50 ರೂಪಾಯಿ, 100 ರೂಪಾಯಿ. ಅಲ್ಲಿ ಮಾತಿಲ್ಲ, ಕಾಯೋದೂ ಇಲ್ಲ. ಕೆಲವೇ ನಿಮಿಷಕ್ಕೆ ಒಂದು ಆಟ ಮುಗೀತಿತ್ತು. ಮನೆಗೆ ಬಂದ ಮೇಲೂ ಬಿಡಲಿಲ್ಲ. ಒಂಬತ್ತಕ್ಕೆ ಅಮ್ಮ ಫೋನ್ ಮಾಡಿ ‘ಇವತ್ತು ಆಟ ಇಲ್ವನೋ?’ ಅಂದರೆ ‘ಆಫೀಸ್ ಕೆಲಸ ಇದೆ ಅಮ್ಮ’ ಅಂತಿದ್ದೆ. ಸ್ವಲ್ಪ ದಿನಕ್ಕೆ ಅವಳು ಕೇಳೋದನ್ನೇ ಬಿಟ್ಟಳು.

ಐದು ತಿಂಗಳಲ್ಲಿ ಹೋಗಿದ್ದು 23,400 ರೂಪಾಯಿ. ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಸಾಲುಸಾಲು ಐವತ್ತು-ನೂರರ ಯುಪಿಐ ನೋಡಿ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ‘ಇದ್ಯಾರಿಗೆ ಕೊಟ್ಟಿದ್ದು?’ ಯಾರಿಗೆ ಅಂತ ನನಗೇ ಗೊತ್ತಿರಲಿಲ್ಲ. ಎದುರಿಗೆ ಆಡಿದ ಒಬ್ಬನ ಮುಖವಾಗಲಿ ಊರಾಗಲಿ ದನಿಯಾಗಲಿ ಗೊತ್ತಿಲ್ಲ. ಒಂದಿನ ಟ್ರೈನಿನಲ್ಲಿ 900 ರೂಪಾಯಿ ಗೆದ್ದು ತಲೆ ಎತ್ತಿದರೆ ಹೇಳ್ಕೊಳ್ಳೋಕೆ ಯಾರೂ ಇರಲಿಲ್ಲ ಅನ್ನೋದು ಮಾತ್ರ ನೆನಪಿದೆ. ಎದುರು ಸೀಟಿನ ಇಸ್ಪೀಟಿನ ಗುಂಪಿನಲ್ಲಿ ಸೋತವನನ್ನು ಮೂವರು ಸೇರಿ ಗೋಳು ಹೊಯ್ಕೊಳ್ತಾ ಇದ್ದರು. ಅವನು ನಗ್ತಾ ಇದ್ದ.

ಅದೇ ವಾರ ಅಕ್ಕ ಹೇಳಿದಳು: ‘ಅಮ್ಮ ದಿನಾ ಒಂಬತ್ತಕ್ಕೆ ಕಂಪ್ಯೂಟರ್ ಜೊತೆ ಲೂಡೋ ಆಡ್ತಾಳೆ ಕಣೋ. ನಿಂಗೆ ತೊಂದರೆ ಕೊಡಬಾರದು ಅಂತ.’ 23,400ಕ್ಕಿಂತ ಈ ಮಾತು ಜಾಸ್ತಿ ಚುಚ್ಚಿತು.

ದುಡ್ಡಿನ ಆಟದ ಬಗ್ಗೆ ಕಾನೂನು ಹಿಂದೆಮುಂದೆ ಓಡಾಡಿದ್ದೂ ಇದೇ ಕಾಲದಲ್ಲಿ. ದುಡ್ಡು ಕಟ್ಟಿ ಆಡುವ ಲೂಡೋ ಅದೃಷ್ಟದ್ದೋ ಕೌಶಲದ್ದೋ ಅನ್ನೋ ಪ್ರಶ್ನೆ 2021ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಯ್ತು. ಕರ್ನಾಟಕ ಸರ್ಕಾರ ಅದೇ ವರ್ಷ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ ಸಂಸತ್ತು ಹೊಸ ಕಾಯ್ದೆ ಮಾಡಿ, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದೃಷ್ಟವೋ ಕೌಶಲವೋ ಅನ್ನೋ ಚರ್ಚೆ ಬಿಟ್ಟು, ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟವೆಲ್ಲಾ ನಿಷೇಧ ಅಂದಿತು ಅದು. ಇ-ಸ್ಪೋರ್ಟ್ಸ್‌ಗೂ ದುಡ್ಡಿಲ್ಲದೆ ಜನ ಸೇರಿ ಆಡುವ ಆಟಗಳಿಗೂ ಜಾಗ ಉಳಿಸಿತು.

ಹಾಗಾದರೆ ಸುಖ ಹೆಚ್ಚಿಸೋದು ಹೇಗೆ? ನನ್ನ ಅನುಭವದಲ್ಲಿ ಉಳಿದದ್ದು ನಾಲ್ಕು ಮಾತು.

ಒಂದು, ಗೊತ್ತಿರುವ ಜನರ ಜೊತೆ, ಸ್ವಂತ ರೂಮ್ ಮಾಡಿ, ಮೈಕ್ ತೆರೆದು ಆಡಿ. ಮಾತಿಲ್ಲದಿದ್ದರೆ ಆರು ಬೀಳದವನ ಹೊತ್ತು ಸಿಟ್ಟಾಗುತ್ತೆ.

ಎರಡು, ಎಷ್ಟು ಆಟ, ಎಷ್ಟು ಗಂಟೆಗೆ ಮುಗಿತಾಯ ಅಂತ ಮೊದಲೇ ಹೇಳ್ಕೊಳ್ಳಿ. ಟ್ರೈನಿನವರಿಗೆ ಸ್ಟೇಷನ್ ಇದ್ದ ಹಾಗೆ ನಿಮಗೂ ಒಂದು ಸ್ಟೇಷನ್ ಬೇಕು. ನಮ್ಮದು ಎರಡು ಆಟ, ಇಲ್ಲಾ ಹತ್ತು ಗಂಟೆ.

ಮೂರು, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಆಡುವವರಿಗೆ ಹೊಂದುವ ಆಟ ಆರಿಸಿ. ಸರದಿಯ ಆಟದಲ್ಲಿ ಹಳ್ಳಿಯ ಸೋತ ನೆಟ್‌ವರ್ಕ್ ಕೂಡ ನಡೆಯುತ್ತೆ. ಗುಂಡು ಹಾರಿಸುವ ಆಟವಾದರೆ ಸರ್ವರ್ ಎಲ್ಲಿದೆ ನೋಡಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತೆ. ಸಿಂಗಾಪುರ ಇಲ್ಲಿಂದ ಸುಮಾರು 3,900 ಕಿ.ಮೀ. ದೂರ. ಹೋಗಿ ಬರೋಕೆ ಏನೇ ಮಾಡಿದರೂ 39 ಮಿಲಿಸೆಕೆಂಡ್ ಬೇಕು, ನಿಜವಾಗಿ ಅದಕ್ಕಿಂತ ಜಾಸ್ತಿ. ಅದಕ್ಕೇ ಮುಂಬೈ ಸರ್ವರ್ ಇದ್ದರೆ ಅದನ್ನೇ ಆರಿಸಿ. ಯಂತ್ರ ಕಾಯಿಸೋದು ಎಷ್ಟು ಕಮ್ಮಿಯಾದರೂ ಒಳ್ಳೇದು. ಮನುಷ್ಯರಿಗೋಸ್ಕರ ಕಾಯೋದನ್ನು ಮಾತ್ರ ಕಮ್ಮಿ ಮಾಡ್ಕೋಬೇಡಿ.

ನಾಲ್ಕು, ದುಡ್ಡು ಬೇಡ. ಕಾನೂನು ಇರಲಿ, ಇಲ್ಲದಿರಲಿ.

ಅಮ್ಮನ ಹತ್ತಿರ ನಾನು ಎಲ್ಲಾ ಹೇಳಿದೆ. ಬೈಯಲಿಲ್ಲ. ‘ನಾಳೆ ಒಂಬತ್ತಕ್ಕೆ ಕೋಡ್ ಕಳಿಸು’ ಅಂದಳು. ಮೊನ್ನೆ ಭಾನುವಾರ ಅವಳಿಗೆ ಹನ್ನೊಂದು ಸರದಿ ಆರು ಬೀಳಲಿಲ್ಲ. ಅಷ್ಟು ಹೊತ್ತೂ ಪಕ್ಕದ ಮನೆಯವರ ಅಡಿಕೆ ತೋಟಕ್ಕೆ ಮಂಗ ಬಂದ ಕಥೆ ಹೇಳಿದಳು. ಹನ್ನೆರಡನೇ ಸಲ ಆರು ಬಿದ್ದಾಗ ಅವಳೇ ಗಮನಿಸಲಿಲ್ಲ. ಭಾವ ಕೂಗಿ ಹೇಳಬೇಕಾಯ್ತು.

ನಿಮ್ಮ ಊರಲ್ಲಿ ಚೌಕಾಬಾರಕ್ಕೆ ಏನಂತಾರೆ, ಕಡಿಯದೆ ಒಳಗೆ ಬಿಡ್ತಾರಾ ಇಲ್ವಾ, ಮನೆಯ ಹಿರಿಯರನ್ನು ಈ ವಾರ ಕೇಳಿ ನೋಡಿ. ಕೇಳೋಕೆ ಫೋನ್ ಮಾಡಿದ ಹಾಗೂ ಆಗುತ್ತೆ. ಸಿಗೋಣ.