ಒಂದು ಮಳೆಗಾಲದ ಅಂಟು

ಕಳೆದ ಮೇ ತಿಂಗಳ ಕೊನೆಗೆ ಕುರ್ತಕೋಟಿಗೆ ಹೋದಾಗ ನಮ್ಮ ಹಿತ್ತಲಿನ ದನದ ಕೊಟ್ಟಿಗೆಯ ತಗಡು ಪಕ್ಕದವರ ಬಣವೆಯ ಮೇಲೆ ಬಿದ್ದಿತ್ತು. ಹಿಂದಿನ ದಿನ ಸಂಜೆ ಬೀಸಿದ ಬಿರುಗಾಳಿ ಅದನ್ನು ಎತ್ತಿಕೊಂಡು ಹೋಗಿತ್ತು. ತಗಡಿನ ಮೇಲೆ ಹೇರಿದ್ದ ಕಲ್ಲು, ಹಳೆಯ ಟೈರು, ಮೊಳೆಯ ತೂತುಗಳಿಗೆ ಅಪ್ಪ ಮೆತ್ತಿದ್ದ ಎಂ-ಸೀಲು ಯಾವುದೂ ಉಪಯೋಗಕ್ಕೆ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಆಯಿ, "ಮಾಳಗಿ ಎಂದಾರ ಹಾರಿತ್ತೇನ ಯವ್ವಾ?" ಅಂದಳು.

ಮಾಳಿಗೆ ಎಂದೂ ಹಾರಿರಲಿಲ್ಲ. ಆದರೆ ಒಂದು ಸಲ ಬಿದ್ದಿತ್ತು. 2009ರ ಅಕ್ಟೋಬರ್ ಮೊದಲ ವಾರ, ನನಗೆ ಹನ್ನೆರಡು ವರ್ಷ. ಗಾಳಿಗೆ ಜಗ್ಗದ ಮಾಳಿಗೆ ಮಳೆಗೆ ಯಾಕೆ ಬಿತ್ತು ಎಂಬ ಪ್ರಶ್ನೆ ನನ್ನ ಸಂಶೋಧನೆಗಿಂತ ಹಳೆಯದು.

ನಾನು ಪಿಎಚ್‌.ಡಿ.ಗೆ ಓದುತ್ತಿರುವುದು ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯ ಮನೆಗಳ ಬಗ್ಗೆ. ಗದಗ ಆಗ ಧಾರವಾಡ ಜಿಲ್ಲೆಯ ಭಾಗ. ಬೇರೆ ಜಿಲ್ಲೆಯಾದದ್ದು ನಾನು ಹುಟ್ಟಿದ 1997ರಲ್ಲಿ. ಆ ಕಾಲದ ಸರ್ಕಾರಿ ಬರಹಗಳಲ್ಲಿ ಈ ಸೀಮೆ ಛಾವಣಿಯ ಮೇಲೆಯೇ ಎರಡಾಗಿ ಒಡೆಯುತ್ತದೆ. ಪಶ್ಚಿಮದ ಮಲೆನಾಡಿನ ಸೆರಗಿನಲ್ಲಿ ಹುಲ್ಲು ಮತ್ತು ಹಂಚಿನ ಇಳಿಜಾರು ಮನೆಗಳು, ಪೂರ್ವದ ಎರೆ ಬಯಲಿನಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆಗಳು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ, ಮರ ಕಡಿಮೆಯಿರುವ, ಗಾಳಿ ಜೋರಾಗಿರುವ ಊರುಗಳಿಗೆ ಚಪ್ಪಟೆ ಮಾಳಿಗೆ ಸರಿಯಾದ ಆಯ್ಕೆಯೇ. ಈಗ ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದವರಿಗೆ ಇಲ್ಲಿಯ ಗಾಳಿಯ ಬಗ್ಗೆ ಹೇಳಬೇಕಿಲ್ಲ. ಅಂಥ ಮಾಳಿಗೆ ಮಳೆಯನ್ನು ಹೇಗೆ ತಡೆಯುತ್ತಿತ್ತು, ಅದಕ್ಕೆ ಬಳಿಯುತ್ತಿದ್ದದ್ದು ಏನು, ಯಾರು ಬಳಿಯುತ್ತಿದ್ದರು ಎಂಬುದು ಮಾತ್ರ ಕಡತಗಳಲ್ಲಿ ನನಗೆ ಸಿಗಲಿಲ್ಲ.

ಕಟ್ಟಡದ ಅಂಟಿನ ಬಗ್ಗೆ ನಮ್ಮ ಹಳೆಯ ಗ್ರಂಥಗಳು ಮೌನವಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೇ ಒಂದು ಅಧ್ಯಾಯವಿದೆ. ಎಳೆಯ ತೂಬರೆ ಕಾಯಿ, ಬೇಲದ ಕಾಯಿ, ಬೂರುಗದ ಹೂವು, ಬಜೆ ಮುಂತಾದವನ್ನು ನೀರಿಗೆ ಹಾಕಿ ಎಂಟನೆಯ ಒಂದು ಪಾಲು ಉಳಿಯುವವರೆಗೆ ಕುದಿಸಬೇಕು. ಅದಕ್ಕೆ ಗುಗ್ಗುಳ, ಗೇರು, ಅಗಸೆ, ಬಿಲ್ವ, ಮರದ ರಾಳಗಳನ್ನು ಅರೆದು ಸೇರಿಸಿ, ಬಿಸಿಬಿಸಿಯಾಗಿ ದೇಗುಲ, ಮಹಡಿ, ಗೋಡೆ, ಬಾವಿಗಳಿಗೆ ಬಳಿಯಬೇಕು. ಬಳಿದದ್ದು ಒಂದು ಕೋಟಿ ವರ್ಷ ಬಾಳುತ್ತದೆ ಎಂಬುದು ಅವನ ಭರವಸೆ. ನಮ್ಮ ನಾಡನ್ನೇ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಇನ್ನೊಂದು ವಜ್ರಲೇಪ ಹೇಳುತ್ತಾನೆ. ಎಮ್ಮೆಯ ತೊಗಲನ್ನು ಬೆಣ್ಣೆಯಷ್ಟು ಮೆತ್ತಗಾಗುವಂತೆ ಕುದಿಸಿ, ಕಡ್ಡಿ ಮಾಡಿ ಒಣಗಿಸಿಟ್ಟುಕೊಂಡು, ಚಿತ್ರ ಬರೆಯುವ ಗೋಡೆಯನ್ನು ಸಿದ್ಧಗೊಳಿಸಲು ಬಳಸುವ ಅಂಟು ಅದು.

ಇವು ಅರಮನೆ, ದೇಗುಲಗಳ ಮಾತು. ರೈತರ ಮನೆಯ ಅಂಟನ್ನು ತಿಳಿಯಲು ನಾನು ಆಯಿಯ ಹತ್ತಿರ ಬರಬೇಕಾಯಿತು.

ಅವಳು ಹೇಳಿದ ಪ್ರಕಾರ ಮಾಳಿಗೆ ಒಂದು ವಸ್ತುವಲ್ಲ, ಹಲವು ಪದರ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಒತ್ತಾಗಿ ಹಾಸಿದ ಸಣ್ಣ ಕಟ್ಟಿಗೆ. ಅದರ ಮೇಲೆ ಗೆದ್ದಲಿಗೆ ಕಹಿಯಾದ ಬೇವಿನ ಸೊಪ್ಪು. ಆಮೇಲೆ ಹೊಟ್ಟು ಬೆರೆಸಿ, ತುಳಿದು, ಕೊಳೆಸಿ ಹದ ಮಾಡಿದ ಮಣ್ಣು. ಎಲ್ಲಕ್ಕಿಂತ ಮೇಲೆ ನಾಲ್ಕು ಬೆರಳು ಸವಳು ಮಣ್ಣು. ನೀರು ದೋಣಿಯ ಕಡೆ ಹರಿಯುವಂತೆ ಸಣ್ಣ ವಾಟ. ಸುತ್ತ ಕುಂಬಿ.

ಈ ಸವಳು ಮಣ್ಣೇ ನಮ್ಮ ಬಯಲು ಸೀಮೆಯ ಅಂಟು. ಕೆಲವು ಕಡೆ ಕರಲು ಎನ್ನುತ್ತಾರೆ. ಹೊಲದಲ್ಲಿ ಇದ್ದರೆ ಶಾಪ: ಬೀಜ ಮೊಳೆಯುವುದಿಲ್ಲ, ನೀರು ಇಂಗುವುದಿಲ್ಲ. ಕಾರಣ ಅದರಲ್ಲಿರುವ ಸೋಡಿಯಂ. ಸಾಮಾನ್ಯ ಜೇಡಿಯಲ್ಲಿ ಕಣಗಳು ಗುಂಪುಗೂಡಿ ನಡುವೆ ಸಂದು ಬಿಟ್ಟುಕೊಂಡಿರುತ್ತವೆ. ಸೋಡಿಯಂ ಹೆಚ್ಚಾದ ಜೇಡಿ ನೀರು ತಾಗಿದ ಕೂಡಲೇ ಉಬ್ಬುತ್ತದೆ, ಗುಂಪು ಒಡೆದು ತೀರ ಸಣ್ಣ ಕಣಗಳಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತದೆ. ಮೊದಲ ಮಳೆಯೇ ಮಾಳಿಗೆಗೆ ಬೀಗ ಹಾಕಿದ ಹಾಗೆ. ಆಮೇಲಿನ ನೀರು ಮೇಲೆಯೇ ಜಾರಿ ದೋಣಿಗೆ ಹೋಗುತ್ತದೆ. ಪೈರಿಗೆ ನೀರು ಕೊಡದ ಗುಣವೇ ಮನೆಗೆ ನೀರು ಬಿಡದ ಗುಣ. ಆನಾಟೋಲಿಯಾದ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಗೆ ಉಪ್ಪನ್ನೇ ಎರಚುತ್ತಿದ್ದರು ಎಂದು ಓದಿದಾಗ ನನಗೆ ನಮ್ಮ ಹಳ್ಳದ ದಂಡೆ ನೆನಪಾಯಿತು.

ಆದರೆ ಈ ಅಂಟಿನ ಆಯುಷ್ಯ ಕೋಟಿ ವರ್ಷವಲ್ಲ, ಒಂದು ಮಳೆಗಾಲ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಒಂದಿಷ್ಟು ಕೊಚ್ಚಿ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಮೃಗಶಿರಾ ಮಳೆ ಕೂಡುವ ಮೊದಲು ಚಕ್ಕಡಿಯಲ್ಲಿ ಸವಳು ತಂದು, ಹೆಂಗಸರು ಬುಟ್ಟಿಯಲ್ಲಿ ಹೊತ್ತು ಏರಿಸಿ, ಹರಡಿ, ಬಡಿದು ಕೂಡಿಸಬೇಕಿತ್ತು. ಇದು ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ಇವತ್ತು ಇವರ ಮಾಳಿಗೆ, ನಾಳೆ ಅವರದು, ಹೀಗೆ ಮುಯ್ಯಾಳಿನ ಲೆಕ್ಕ. ಅದಕ್ಕೆ ಕಾರಣವೂ ಇತ್ತು. ನಮ್ಮ ಓಣಿಯ ಮನೆಗಳಿಗೆ ನಡುಗೋಡೆ ಒಂದೇ, ಮಾಳಿಗೆಯಿಂದ ಮಾಳಿಗೆಗೆ ದಾಟಿ ಓಣಿಯ ತುದಿ ಮುಟ್ಟಬಹುದಿತ್ತು. ಪಕ್ಕದವರ ಮಾಳಿಗೆ ಸೋರಿದರೆ ನಮ್ಮ ಗೋಡೆ ನೆನೆಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನೆರೆಯ ಸೀಮೆಯಲ್ಲೇ ಬದುಕಿದ್ದ ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ಪದವಾಗಿಸಿದ್ದು ಎಲ್ಲರಿಗೂ ಗೊತ್ತು. ಅದನ್ನು ನಾವು ಅಧ್ಯಾತ್ಮವಾಗಿ ಓದುತ್ತೇವೆ, ಸರಿ. ಆದರೆ ಮಾಳಿಗೆ ಗೊತ್ತಿದ್ದವರಿಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಅಲ್ಲಿಯ ದುಃಖ ಮಳೆಯ ಮೇಲಿನದಲ್ಲ; ಗಟ್ಟಿ ಮಾಡುವವರಿಲ್ಲ, ಕತ್ತಲಲ್ಲಿ ಹತ್ತಿಹೋಗಲು ತನ್ನಿಂದಾಗದು ಎಂಬುದು.

ಇದರ ನಡುವೆ ಅಂಟೇ ಬೇಡದ ಛಾವಣಿಗಳೂ ಬಂದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಹಂಚು ಒಂದರೊಳಗೊಂದು ಕೊಕ್ಕೆ ಹಾಕಿಕೊಂಡು ನಿಲ್ಲುತ್ತದೆ. ಆಮೇಲೆ ತಗಡು, ಅದರ ಆಮೇಲೆ ಸಿಮೆಂಟಿನ ಆರ್‌ಸಿಸಿ. ಪ್ರತಿಯೊಂದೂ ವರ್ಷವರ್ಷದ ಮಣ್ಣಿನ ಕೆಲಸದಿಂದ ಬಿಡುಗಡೆ ಕೊಡುತ್ತೇನೆ ಎಂದಿತು. ಬುಟ್ಟಿ ಹೊತ್ತು ಕುತ್ತಿಗೆ ನೊಂದ ಹೆಂಗಸರಿಗೆ ಅದು ಸಣ್ಣ ಮಾತಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ತೊಂದರೆಯಾದದ್ದು ನಡುವೆ ಸಿಕ್ಕಿಕೊಂಡ ಮನೆಗಳಿಗೆ: ಹೊಸದು ಕಟ್ಟಲು ದುಡ್ಡಿಲ್ಲ, ಹಳೆಯದನ್ನು ನೋಡಿಕೊಳ್ಳಲು ಆಳಿಲ್ಲ.

ನಮ್ಮದು ಅಂಥ ಮನೆ. 2004ರಲ್ಲಿ ಅಜ್ಜ ತೀರಿಕೊಂಡ. ಅಪ್ಪ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ. ಪ್ರತಿ ಮೇ ತಿಂಗಳು ಕೂಲಿಗೆ ಕೊಟ್ಟು ಒಂದು ಟ್ರ್ಯಾಕ್ಟರ್ ಸವಳು ಹಾಕಿಸುತ್ತಿದ್ದ, ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತಿದ್ದ. ಪಕ್ಕದ ಮನೆಯವರು ದುಡಿಯಲು ಗೋವಾಕ್ಕೆ ಹೋಗಿ ಮೂರು ವರ್ಷವಾಗಿತ್ತು. ಬೀಗ ಹಾಕಿದ ಆ ಮನೆಯ ಮಾಳಿಗೆಯ ಮೇಲೆ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಉತ್ತರ ಕರ್ನಾಟಕವನ್ನೆಲ್ಲ ದಿನಗಟ್ಟಲೆ ಬಿಡಲಿಲ್ಲ. ಆ ನೆರೆಯಲ್ಲಿ ಹೊಳೆಯ ದಂಡೆಯ ಊರುಗಳಷ್ಟೇ ಅಲ್ಲ, ಹೊಳೆಯೇ ಇಲ್ಲದ ಊರುಗಳಲ್ಲೂ ಮಣ್ಣಿನ ಮನೆಗಳು ಕುಸಿದವು. ನಮ್ಮ ನಡುಗೋಡೆ ಆ ಕಡೆಯಿಂದ ನೆನೆದು ಮೆತ್ತಗಾಗಿ ಒಂದು ಬೆಳಗಿನ ಜಾವ ಕೂತುಬಿಟ್ಟಿತು. ಹಿಂದಿನ ಅಂಕಣದ ಮಾಳಿಗೆ ಇಡಿಯಾಗಿ ಕೆಳಗೆ ಬಂತು. ಆಯಿ ಪಡಸಾಲೆಯಲ್ಲಿ ಮಲಗಿದ್ದರಿಂದ ಉಳಿದಳು. ಆಕಳು ಉಳಿಯಲಿಲ್ಲ.

ಬಿದ್ದ ಮಣ್ಣನ್ನು ತೆಗೆದಾಗ ಅದು ಎರಡಡಿಗೂ ಹೆಚ್ಚು ದಪ್ಪವಿತ್ತು. ಪದರಪದರವಾಗಿ ವರ್ಷಗಳನ್ನು ಎಣಿಸಬಹುದಿತ್ತು. ಆಯಿ ಆಗ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ಬರೇ ಹಾಕಿದ್ರ ಆತೇನ? ನಿಮ್ಮಜ್ಜ ಮದ್ಲ ಹಳೇದ ಹೆರೀತಿದ್ದ."

ಹೆರೆಯುವುದು. ಹೊಸ ಮಣ್ಣು ಹಾಕುವ ಮೊದಲು ಕಳೆದ ವರ್ಷದ ಸತ್ತ ಮಣ್ಣನ್ನು ಸಲಿಕೆಯಿಂದ ಹೆರೆದು ಕೆಳಗೆ ಇಳಿಸುವ ಕೆಲಸ. ಯಾರ ಕಣ್ಣಿಗೂ ಬೀಳದ್ದು, ಕೂಲಿಯವರು ಮಾಡದಿದ್ದರೆ ಗೊತ್ತೂ ಆಗದ್ದು. ಗಾಳಿಗೆ ಹಾರದಂತೆ ಮಾಳಿಗೆಯನ್ನು ಹಿಡಿದಿಟ್ಟ ಭಾರವೇ, ಹೆರೆಯದೆ ಬಿಟ್ಟರೆ, ಗೋಡೆ ಸಡಿಲಾದ ದಿನ ಕೊಲ್ಲುವ ಭಾರವಾಗುತ್ತದೆ. 1993ರ ಸೆಪ್ಟೆಂಬರ್ 30ರಂದು ಕಿಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಅಲ್ಲಿ ಹೆಚ್ಚಿನವರನ್ನು ಕೊಂದದ್ದು ಕಲ್ಲುಮಣ್ಣಿನ ಗೋಡೆಗಳು ಮತ್ತು ಅವುಗಳ ಮೇಲೆ ಕೂತಿದ್ದ ಇಂಥದೇ ದಪ್ಪ ಮಣ್ಣಿನ ಮಾಳಿಗೆಗಳು.

ಇದು ಮಣ್ಣಿನ ಮನೆಗಳ ಹಣೆಬರಹ ಮಾತ್ರ ಎಂದುಕೊಂಡಿದ್ದೆ. ಆಮೇಲೆ ಅಮೆರಿಕದ ಛಾವಣಿಗಳ ಬಗ್ಗೆ ಓದಿದೆ. ಅಲ್ಲಿ ಹೆಚ್ಚಿನ ಮನೆಗಳ ಮೇಲೆ ಡಾಂಬರಿನ ತೆಳುವಾದ ಬಿಲ್ಲೆಗಳನ್ನು ಒಂದರ ಮೇಲೊಂದು ಹಾಸುತ್ತಾರೆ. ಬಿಲ್ಲೆಯ ಮೇಲಿರುವ ಅಂಟಿನ ಪಟ್ಟಿ ಬಿಸಿಲಿಗೆ ಕರಗಿ ಮೇಲಿನದನ್ನು ಹಿಡಿದುಕೊಳ್ಳುತ್ತದೆ. ಬಿರುಗಾಳಿ ಅಂಚನ್ನು ಎತ್ತದಂತೆ ತಡೆಯುವುದು ಅದೇ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದಲ್ಲಿ ಸಾವಿರಾರು ಛಾವಣಿಗಳನ್ನು ಕಿತ್ತ ಮೇಲೆ ಕಟ್ಟಡದ ನಿಯಮಗಳನ್ನು ಬಿಗಿ ಮಾಡಿದರು. ಆದರೂ ಆ ಅಂಟು ವಯಸ್ಸಾದಂತೆ ಹೊರಗೆ ಕಾಣದ ಹಾಗೆ ಬಿಟ್ಟುಕೊಳ್ಳುತ್ತ ಹೋಗುತ್ತದೆ. ಯಾರಾದರೂ ಹತ್ತಿ ನೋಡಿದರಷ್ಟೇ ತಿಳಿಯುತ್ತದೆ. ಕಾರ್ಖಾನೆಯ ಅಂಟಿಗೂ ಕೋಟಿ ವರ್ಷ ಸಿಕ್ಕಿಲ್ಲ.

ನಾವು ಇತಿಹಾಸದ ವಿದ್ಯಾರ್ಥಿಗಳು ಕಟ್ಟಿದವರನ್ನು ಹುಡುಕುತ್ತೇವೆ. ಶಾಸನಗಳೂ ಕಟ್ಟಿಸಿದವರ ಹೆಸರನ್ನು ಎತ್ತಿ ಹೇಳುತ್ತವೆ. ಹೆರೆದವರ, ಮೆತ್ತಿದವರ, ವರ್ಷಕ್ಕೊಮ್ಮೆ ಹತ್ತಿ ನೋಡಿದವರ ಲೆಕ್ಕ ಎಲ್ಲೂ ಇಲ್ಲ. ಒಂದು ಮನೆ ನೂರು ವರ್ಷ ನಿಂತಿದ್ದರೆ ಅದನ್ನು ಒಂದು ಸಲ ಕಟ್ಟಿರುತ್ತಾರೆ, ನೂರು ಸಲ ಉಳಿಸಿಕೊಂಡಿರುತ್ತಾರೆ. ನನ್ನ ಪ್ರಬಂಧದಲ್ಲಿ ಈಗ ಆ ನೂರು ಸಲಕ್ಕೆ ಒಂದು ಅಧ್ಯಾಯ ಸೇರಿದೆ. ಅದಕ್ಕೆ ಆಧಾರ ಕಡತಗಳಲ್ಲ, ನಮ್ಮ ಓಣಿಯ ಮುದುಕಿಯರು.

ಹಿಂದಿನ ಅಂಕಣ ಬಿದ್ದ ಜಾಗದಲ್ಲಿ ಈಗ ಆರ್‌ಸಿಸಿ ಕೋಣೆಯಿದೆ. ಹತ್ತು ವರ್ಷಕ್ಕೇ ಅದರ ಮೂಲೆಯಲ್ಲಿ ಸೋರಿಕೆ. ಆ ದಿನ ಅಪ್ಪ ಫೋನಿನಲ್ಲಿ ವಾಟರ್‌ಪ್ರೂಫ್ ಬಣ್ಣದ ರೇಟು ಕೇಳುತ್ತಿದ್ದ. ಡಬ್ಬಿಯ ಮೇಲೆ ಎಷ್ಟು ವರ್ಷದ ಗ್ಯಾರಂಟಿ ಬರೆದಿದೆ ಎಂದು ವಿಚಾರಿಸುತ್ತಿದ್ದ. ಮುಂದಿನ ಪಡಸಾಲೆಯ ಮೇಲೆ ಮಾತ್ರ ಇನ್ನೂ ಹಳೆಯ ಮಾಳಿಗೆ ಉಳಿದಿದೆ. ಆಯಿಗೆ ಈಗ ಏಣಿ ಹತ್ತಲಾಗುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಸಲಿಕೆ ಹಿಡಿದು ಹತ್ತಿದೆ. ಕೆಳಗಿನಿಂದ ಅವಳು ಹೇಳುತ್ತಲೇ ಇದ್ದಳು: "ಭಾಳ ಆಳ ಹೆರೀಬ್ಯಾಡ ಯವ್ವಾ, ಮ್ಯಾಲಿಂದಷ್ಟ. ತಳದ್ದು ಇರಲಿ."