ಸಿಂಥೆಟಿಕ್ ಎಂಜಿನ್ ಆಯಿಲ್: ಕೊಚ್ಚಿ, ತಿರುವನಂತಪುರದ ರಸ್ತೆಗಳಲ್ಲಿ ಎಷ್ಟು ಕಿಮೀಗೆ ಬದಲಿಸಬೇಕು? ಯಾವುದನ್ನು ಆರಿಸಬೇಕು?

ಕಾರಿನ ಜೊತೆ ಬಂದ ಮ್ಯಾನ್ಯುಯಲ್ 10,000 ಕಿಮೀ ಎನ್ನುತ್ತದೆ. ಪರಿಚಯದ ಮೆಕ್ಯಾನಿಕ್ 5,000ಕ್ಕೇ ಬದಲಿಸಿ ಎನ್ನುತ್ತಾರೆ. ಸಿಂಥೆಟಿಕ್ ಹಾಕಿಸಿದ್ದೇನೆ, 15,000 ಕಿಮೀವರೆಗೆ ಚಿಂತೆಯಿಲ್ಲ ಎನ್ನುವ ಸ್ನೇಹಿತರೂ ಇದ್ದಾರೆ. ಯಾರ ಮಾತು ಕೇಳಬೇಕು?

ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗರಿಗೂ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕರಾವಳಿಯಿಂದ ಕೇರಳಕ್ಕೆ ಓಡಾಡುವವರಿಗೂ ಇದು ಹಣದ ಪ್ರಶ್ನೆ. ಬೇಗ ಬದಲಿಸಿದರೆ ಪ್ರತಿ ಸಲ ಕೆಲವು ಸಾವಿರ ರೂಪಾಯಿ ವ್ಯರ್ಥ. ತಡಮಾಡಿದರೆ ಎಂಜಿನ್ ರಿಪೇರಿಯ ಬಿಲ್ ಲಕ್ಷ ದಾಟಬಹುದು. ಇದಕ್ಕೆ ಉತ್ತರ ಆಯಿಲ್ ಡಬ್ಬಿಯ ಮೇಲಿಲ್ಲ, ನೀವು ಕಾರು ಓಡಿಸುವ ರೀತಿಯಲ್ಲಿದೆ. ಹೇಗೆ ಎಂಬ ವಿವರ ಇಲ್ಲಿದೆ.

ಸಿಂಥೆಟಿಕ್ ಎಂದರೆ ಏನು?

ಎಂಜಿನ್ ಆಯಿಲ್‌ನಲ್ಲಿ ಹೆಚ್ಚಿನ ಪಾಲು ಬೇಸ್ ಆಯಿಲ್. ಉಳಿದದ್ದು ಸವೆತ ತಡೆಯುವ, ಕೊಳೆ ಹಿಡಿದಿಡುವ, ಆಮ್ಲವನ್ನು ತಟಸ್ಥಗೊಳಿಸುವ ರಾಸಾಯನಿಕಗಳು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಬೇಸ್ ಆಯಿಲ್‌ಗಳನ್ನು 5 ಗುಂಪುಗಳಾಗಿ ವಿಂಗಡಿಸಿದೆ. ಗುಂಪು 1 ಮತ್ತು 2 ಮಿನರಲ್ ಆಯಿಲ್. ಗುಂಪು 3 ಕಚ್ಚಾ ತೈಲದಿಂದಲೇ ಬಂದರೂ ಬಹಳ ಹೆಚ್ಚು ಶುದ್ಧೀಕರಿಸಿದ್ದು. ಗುಂಪು 4 ರಾಸಾಯನಿಕವಾಗಿ ಕಟ್ಟಿದ ಪಾಲಿಆಲ್ಫಾಒಲಿಫಿನ್. ಇವುಗಳಲ್ಲಿ ಸೇರದ ಎಸ್ಟರ್ ಮುಂತಾದವು ಗುಂಪು 5.

ಹಿಂದೆ ಗುಂಪು 4 ಮತ್ತು 5ನ್ನು ಮಾತ್ರ ಸಿಂಥೆಟಿಕ್ ಎನ್ನುತ್ತಿದ್ದರು. ಗುಂಪು 3ರ ಆಯಿಲ್‌ಗೂ ಆ ಹೆಸರು ಬಳಸಬಹುದೇ ಎಂಬ ಬಗ್ಗೆ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಮತ್ತು ಮೊಬಿಲ್ ನಡುವೆ ವಿವಾದ ನಡೆದು, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ ಕ್ಯಾಸ್ಟ್ರಾಲ್ ಪರ ತೀರ್ಪು ನೀಡಿತು. ಆ ಬಳಿಕ ಗುಂಪು 3ರ ಆಯಿಲ್ ಕೂಡ ಸಿಂಥೆಟಿಕ್ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಇದು ಕಳಪೆ ಎಂದಲ್ಲ. ಆದರೆ 'ಫುಲ್ಲಿ ಸಿಂಥೆಟಿಕ್' ಎಂಬ ಪದ ನೋಡಿ ಖರೀದಿಸಿದರೆ ಸಾಲದು.

ಡಬ್ಬಿಯ ಮೇಲೆ ನೋಡಬೇಕಾದ್ದು ಎರಡು ಸಂಗತಿ

ಮೊದಲನೆಯದು ಗ್ರೇಡ್. 5ಡಬ್ಲ್ಯೂ-30 ಎಂಬುದರಲ್ಲಿ 5ಡಬ್ಲ್ಯೂ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಹೇಳುತ್ತದೆ. 30 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ, ಅಂದರೆ ಗಟ್ಟಿತನ.

'ಕೇರಳ ಸೆಕೆಯ ಊರು, ದಪ್ಪ ಆಯಿಲ್ ಹಾಕಿ' ಎಂಬ ಸಲಹೆ ಸಾಮಾನ್ಯ. ಆದರೆ ಹೊರಗೆ 25 ಡಿಗ್ರಿ ಇರಲಿ, 34 ಇರಲಿ, ಥರ್ಮೋಸ್ಟಾಟ್ ಎಂಜಿನ್‌ನ ಕೂಲಂಟ್ ಅನ್ನು ಸುಮಾರು 90 ಡಿಗ್ರಿ ಆಸುಪಾಸಿನಲ್ಲಿ ಇಡುತ್ತದೆ. ಈಚಿನ ಕೆಲವು ಪೆಟ್ರೋಲ್ ಮತ್ತು ಹೈಬ್ರಿಡ್ ಕಾರುಗಳಿಗೆ 0ಡಬ್ಲ್ಯೂ-16ರಂತಹ ತೆಳು ಆಯಿಲ್ ಸೂಚಿಸಲಾಗಿದೆ. ಅಂತಹ ಎಂಜಿನ್‌ಗೆ 20ಡಬ್ಲ್ಯೂ-50 ಸುರಿದರೆ ಮೈಲೇಜ್ ಇಳಿಯುತ್ತದೆ, ಕಿರಿದಾದ ಆಯಿಲ್ ದಾರಿಗಳಿಗೆ ಅದು ತಲುಪುವುದೂ ನಿಧಾನ. ಮ್ಯಾನ್ಯುಯಲ್‌ನಲ್ಲಿ ಯಾವ ಗ್ರೇಡ್ ಇದೆಯೋ ಅದೇ ಇರಲಿ.

ಎರಡನೆಯದು ಗುಣಮಟ್ಟದ ಗುರುತು. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಎನ್, ಎಸ್‌ಪಿ ಮುಂತಾದ ಗುರುತುಗಳಿರುತ್ತವೆ. 2020ರಲ್ಲಿ ಬಂದ ಎಸ್‌ಪಿ, ಟರ್ಬೊ ಎಂಜಿನ್‌ಗಳಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವುದನ್ನು ಮತ್ತು ಟೈಮಿಂಗ್ ಚೈನ್ ಸವೆತವನ್ನು ತಡೆಯುವ ಪರೀಕ್ಷೆಗಳನ್ನು ಒಳಗೊಂಡಿದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುತ್ತದೆ. ಇವುಗಳಿಗೆ ಬೂದಿ ಕಡಿಮೆ ಉಳಿಸುವ, ಎಸಿಇಎ ಸಿ2 ಅಥವಾ ಸಿ3ಯಂತಹ ಗುರುತಿನ ಆಯಿಲ್ ಬೇಕಾಗುತ್ತದೆ. ಹಳೆಯ ಡೀಸೆಲ್ ಆಯಿಲ್ ಸುರಿದರೆ ಆ ಬೂದಿ ಫಿಲ್ಟರ್‌ನಲ್ಲೇ ಕೂರುತ್ತದೆ.

ದ್ವಿಚಕ್ರ ಸವಾರರು ಗಮನಿಸಬೇಕಾದ್ದು ಬೇರೆ. ಗೇರ್ ಬೈಕ್‌ನಲ್ಲಿ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಜೆಎಎಸ್ಒ ಎಂಎ ಅಥವಾ ಎಂಎ2 ಗುರುತು ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಗೇರ್ ಇಲ್ಲದ ಸ್ಕೂಟರ್‌ಗಳಿಗೆ ಸಾಮಾನ್ಯವಾಗಿ ಎಂಬಿ ಗುರುತು.

ಕಿಲೋಮೀಟರ್ ಅಲ್ಲ, ಗಂಟೆ ಎಣಿಸಿ

ಭಾರತದ ಬಹುತೇಕ ಕಾರುಗಳ ಸರ್ವೀಸ್ ಲೆಕ್ಕ 10,000 ಕಿಮೀ ಅಥವಾ 1 ವರ್ಷ, ಯಾವುದು ಮೊದಲೋ ಅದು. ಕೆಲವು ಮಾದರಿಗಳಿಗೆ 15,000 ಕಿಮೀ ಇದೆ. ಆದರೆ ಅದೇ ಮ್ಯಾನ್ಯುಯಲ್‌ನಲ್ಲಿ 'ಕಠಿಣ ಬಳಕೆ' ಎಂಬ ಇನ್ನೊಂದು ಪುಟ ಇರುತ್ತದೆ. ಪದೇ ಪದೇ ಚಿಕ್ಕ ಪ್ರಯಾಣ, ನಿಂತು ನಿಂತು ಸಾಗುವ ಟ್ರಾಫಿಕ್, ಹೆಚ್ಚು ಹೊತ್ತು ಐಡ್ಲಿಂಗ್, ಧೂಳು ಇವೆಲ್ಲ ಅದರಲ್ಲಿ ಬರುತ್ತವೆ. ಕೊಚ್ಚಿಯ ಇಡಪ್ಪಳ್ಳಿ, ವೈಟ್ಟಿಲ ಜಂಕ್ಷನ್‌ಗಳಲ್ಲಿ ದಿನವೂ ಓಡಾಡುವವರು ಈ ಪುಟದ ಗ್ರಾಹಕರೇ.

ಓಡೋಮೀಟರ್ ಚಕ್ರ ತಿರುಗಿದ್ದನ್ನು ಮಾತ್ರ ಎಣಿಸುತ್ತದೆ, ಎಂಜಿನ್ ನಡೆದದ್ದನ್ನಲ್ಲ. ಒಂದು ಸರಳ ಲೆಕ್ಕ ಹಾಕಿ:

- ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿಮೀ ವೇಗದಲ್ಲಿ 10,000 ಕಿಮೀ ಓಡಿದರೆ ಎಂಜಿನ್ ನಡೆದದ್ದು 200 ಗಂಟೆ.
- ನಗರದಲ್ಲಿ ಸರಾಸರಿ 15 ಕಿಮೀ ವೇಗದಲ್ಲಿ ಅದೇ 10,000 ಕಿಮೀಗೆ ಸುಮಾರು 667 ಗಂಟೆ.

ಮೀಟರ್‌ನಲ್ಲಿ ಎರಡೂ ಕಾರು ಒಂದೇ. ಆಯಿಲ್‌ನ ಮಟ್ಟಿಗೆ ಎರಡನೆಯದು ಮೂರು ಪಟ್ಟಿಗಿಂತ ಹೆಚ್ಚು ದುಡಿದಿದೆ. ಹೆಚ್ಚಿನ ಹೊಸ ಕಾರುಗಳ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ಕಾಣುತ್ತದೆ. ಕಳೆದ ಸರ್ವೀಸ್‌ನಿಂದ ಓಡಿದ ಕಿಮೀಯನ್ನು ಆ ವೇಗದಿಂದ ಭಾಗಿಸಿದರೆ ನಿಮ್ಮ ಎಂಜಿನ್‌ನ ಗಂಟೆ ಸಿಗುತ್ತದೆ.

ಚಿಕ್ಕ ಪ್ರಯಾಣವೇಕೆ ಕೆಟ್ಟದ್ದು?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಆಯಿಲ್ ಸೇರುತ್ತದೆ. ಅದರ ಜೊತೆ ಉರಿಯದ ಇಂಧನವೂ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಹಾಗೇ ಇದ್ದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಕೂಲಂಟ್‌ನ ಮುಳ್ಳು ನಡುವಿಗೆ ಬಂದಾಗಲೂ ಆಯಿಲ್ ಪೂರ್ತಿ ಬಿಸಿಯಾಗಿರುವುದಿಲ್ಲ. ಮೂರ್ನಾಲ್ಕು ಕಿಮೀ ಓಡಿಸಿ ನಿಲ್ಲಿಸಿದರೆ ನೀರು, ಇಂಧನ ಎರಡೂ ಒಳಗೇ ಉಳಿದು ಆಯಿಲ್ ತೆಳುವಾಗುತ್ತದೆ, ಆಮ್ಲ ಹೆಚ್ಚುತ್ತದೆ, ಜಿಡ್ಡು ಕಟ್ಟುತ್ತದೆ.

ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಇನ್ನೊಂದು ತೊಂದರೆ. ಫಿಲ್ಟರ್‌ನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಇಂಧನ ಚಿಮ್ಮಿಸುತ್ತದೆ. ಆ ಕೆಲಸ ಮುಗಿಯುವ ಮೊದಲೇ ಪದೇ ಪದೇ ಕಾರು ಆಫ್ ಮಾಡಿದರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದು ಕಂಡರೆ ಸಂತೋಷಪಡಬೇಡಿ, ಅದು ಎಚ್ಚರಿಕೆ.

ನೀವು ಯಾವ ಗುಂಪಿನವರು?

*ಕೊಚ್ಚಿಯ ಆಫೀಸ್ ಓಡಾಟ:* ವೈಟ್ಟಿಲದಿಂದ ಕಾಕ್ಕನಾಡಿನ ಇನ್ಫೋಪಾರ್ಕ್‌ಗೆ ದಿನವೂ ಹೋಗಿಬರುವ ಕಾರು ವರ್ಷಕ್ಕೆ 6,000 ಕಿಮೀ ಓಡಿತು, ಸರಾಸರಿ ವೇಗ 15 ಎಂದುಕೊಳ್ಳಿ. ಅದು 400 ಗಂಟೆ. ಇವರು ಮ್ಯಾನ್ಯುಯಲ್‌ನ ಕಠಿಣ ಬಳಕೆಯ ಅವಧಿಯನ್ನೇ ಪಾಲಿಸಬೇಕು. ಹಲವು ಕಾರುಗಳಲ್ಲಿ ಇದು ಸಾಮಾನ್ಯ ಅವಧಿಯ ಅರ್ಧದಷ್ಟು. ಸಿಂಥೆಟಿಕ್ ಹಾಕಿದ ಹಣ ಸಾರ್ಥಕವಾಗುವುದು ಇಲ್ಲಿಯೇ.

*ತಿರುವನಂತಪುರದ ನಿವೃತ್ತರು:* ಪಟ್ಟಂನಿಂದ ಸ್ಟ್ಯಾಚ್ಯೂವರೆಗೆ, ಮಾರುಕಟ್ಟೆ, ದೇವಸ್ಥಾನ ಇಷ್ಟಕ್ಕೇ ಕಾರು ತೆಗೆಯುವವರು ವರ್ಷಕ್ಕೆ 3,000 ಕಿಮೀ ದಾಟದಿರಬಹುದು. ಕಿಮೀ ಆಗಿಲ್ಲವೆಂದು ಎರಡು ಮೂರು ವರ್ಷ ಬಿಡಬೇಡಿ. ವರ್ಷಕ್ಕೊಮ್ಮೆ ಬದಲಿಸಲೇಬೇಕು. ವಾರಕ್ಕೊಮ್ಮೆ ಬೈಪಾಸ್‌ನಲ್ಲಿ ಅರ್ಧ ಗಂಟೆ ಓಡಿಸಿದರೆ ಆಯಿಲ್‌ಗೂ ಬ್ಯಾಟರಿಗೂ ಒಳ್ಳೆಯದು.

*ಎರಡು ನಗರಗಳ ನಡುವೆ ವಾರದ ಪ್ರಯಾಣ:* ಕೊಚ್ಚಿ–ತಿರುವನಂತಪುರ ಸುಮಾರು 200 ಕಿಮೀ. ವಾರಕ್ಕೊಮ್ಮೆ ಹೋಗಿಬಂದರೆ 50 ವಾರಕ್ಕೆ 20,000 ಕಿಮೀ. ಆಯಿಲ್ ಚೆನ್ನಾಗಿ ಬಿಸಿಯಾಗುವ ಇಂತಹ ಓಟ ಎಂಜಿನ್‌ಗೆ ಹಿತ. ಇವರಿಗೆ ಮ್ಯಾನ್ಯುಯಲ್‌ನ ಪೂರ್ತಿ 10,000 ಕಿಮೀ ಸಾಕು, ಅಂದರೆ ಸುಮಾರು 6 ತಿಂಗಳಿಗೊಮ್ಮೆ. ಆದರೆ ಹೆದ್ದಾರಿ ಕಾಮಗಾರಿಯ ಜಾಗಗಳಲ್ಲಿ ಗಂಟೆಗಟ್ಟಲೆ ತೆವಳಿದ್ದರೆ ಸರಾಸರಿ ವೇಗ ನೋಡಿ ಅವಧಿ ಇಳಿಸಿ.

ಸಿಂಥೆಟಿಕ್ ಶಾಖಕ್ಕೆ ಬೇಗ ಕೆಡುವುದಿಲ್ಲ ಎಂಬುದು ನಿಜ. ಆದರೆ ಒಳಗೆ ಸೇರಿದ ನೀರು, ಇಂಧನ, ಮಸಿಯನ್ನು ಅದು ಹೊರಹಾಕಲಾರದು. ಆದ್ದರಿಂದ ಯಾವ ಆಯಿಲ್ ಹಾಕಿದರೂ ಕಂಪನಿಯ ಗರಿಷ್ಠ ಅವಧಿ ಮೀರಬೇಡಿ. ಮೀರಿದರೆ ವಾರಂಟಿಗೂ ಕುತ್ತು.

ಹಣದ ಲೆಕ್ಕ

ಉದಾಹರಣೆಗೆ 3.5 ಲೀಟರ್ ಹಿಡಿಯುವ, ಎರಡೂ ಬಗೆಯ ಆಯಿಲ್‌ಗೆ ಅನುಮತಿ ಇರುವ ಹಳೆಯ ಪೆಟ್ರೋಲ್ ಕಾರು ತೆಗೆದುಕೊಳ್ಳಿ. ಮಿನರಲ್ ಲೀಟರ್‌ಗೆ 400 ರೂ., ಸಿಂಥೆಟಿಕ್ 800 ರೂ. ಎಂದಿಟ್ಟುಕೊಳ್ಳೋಣ. ಮಿನರಲ್ ಅನ್ನು 5,000 ಕಿಮೀಗೊಮ್ಮೆ ಬದಲಿಸಿದರೆ 10,000 ಕಿಮೀಗೆ 2,800 ರೂ. ಸಿಂಥೆಟಿಕ್ ಒಂದೇ ಸಲ, ಅದೂ 2,800 ರೂ. ಆಯಿಲ್ ಫಿಲ್ಟರ್ ಮತ್ತು ಕೂಲಿ ಒಂದು ಸಲದ್ದು ಉಳಿಯುತ್ತದೆ. ಆದರೆ ಸಿಂಥೆಟಿಕ್ ಹಾಕಿಸಿ ಅದನ್ನೂ 5,000ಕ್ಕೇ ಬದಲಿಸಿದರೆ ಖರ್ಚು 5,600 ರೂ. ಕಠಿಣ ಬಳಕೆ ಇಲ್ಲದವರಿಗೆ ಇದು ದಂಡ.

ಮಳೆಗಾಲದ ಎಚ್ಚರಿಕೆ

2018ರ ಆಗಸ್ಟ್ ಪ್ರವಾಹದಲ್ಲಿ ಆಲುವಾ ಸುತ್ತಮುತ್ತ ಮುಳುಗಿ ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. 2019ರ ಅಕ್ಟೋಬರ್ 21ರಂದು ಒಂದೇ ಮಳೆಗೆ ಕೊಚ್ಚಿ ನಗರ ಜಲಾವೃತವಾಯಿತು. ತಿರುವನಂತಪುರದ ತಂಪಾನೂರು, ಕಿಳಕ್ಕೇಕೋಟ್ಟೆಯಲ್ಲೂ ನೀರು ನಿಲ್ಲುವುದು ಹಳೆಯ ಸಮಸ್ಯೆ.

ಕಾರು ನೀರಿನಲ್ಲಿ ನಿಂತುಹೋದರೆ ಅಥವಾ ಮುಳುಗಿದ್ದರೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ: ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಟೋ ಮಾಡಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ನಂತರವೇ ಮುಂದಿನ ಮಾತು. ನೀರಿನಿಂದಾದ ಎಂಜಿನ್ ಹಾನಿಗೆ ಸಾಮಾನ್ಯ ವಿಮೆ ಸಾಕಾಗದೆ ಇರಬಹುದು, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಿ.

ಇವು ನೆನಪಿರಲಿ

- ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ.
- ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಡೀಸೆಲ್‌ನಲ್ಲಿ ಬೇಗನೇ ಕಪ್ಪಾಗುತ್ತದೆ, ಅದು ಮಸಿಯನ್ನು ಹಿಡಿದಿಡುತ್ತಿರುವ ಗುರುತು.
- ತುರ್ತಿಗೆ ಸಿಂಥೆಟಿಕ್‌ಗೆ ಮಿನರಲ್ ಟಾಪ್‌ಅಪ್ ಮಾಡಿದರೆ ಎಂಜಿನ್ ಹಾಳಾಗದು. ಗ್ರೇಡ್ ಸರಿಯಿರಲಿ, ಮುಂದಿನ ಬದಲಾವಣೆ ಬೇಗ ಮಾಡಿಸಿ.
- ಆಯಿಲ್ ಜೊತೆ ಫಿಲ್ಟರ್ ಕೂಡ ಬದಲಿಸಿ.
- ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ತೆರೆಸಿ. ಖಾಲಿ ಡಬ್ಬಿಗೆ ತೂತು ಮಾಡಿ, ಇಲ್ಲವಾದರೆ ಅದರಲ್ಲೇ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.
- ಗ್ರೇಡ್, ಗುರುತು, ಕಿಮೀ ಬರೆದ ಬಿಲ್ ಇಟ್ಟುಕೊಳ್ಳಿ. ವಾರಂಟಿ ತಕರಾರು ಬಂದರೆ ಅದೇ ಸಾಕ್ಷಿ.

ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ಚರಂಡಿಗೆ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಸಂಗ್ರಹಿಸಿ ಮರುಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ತಯಾರಕರ ಮೇಲೂ ಹೊರಿಸಲಾಗಿದೆ. ಕೊಚ್ಚಿಯ ಕಾಲುವೆಗಳ ನೀರು ಕೊನೆಗೆ ಸೇರುವುದು ಹಿನ್ನೀರಿಗೆ. ಅಲ್ಲಿನ ವೆಂಬನಾಡ್ ಸರೋವರ 2002ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ. ಹಳೆಯ ಆಯಿಲ್ ಅನ್ನು ಅದೇ ಡಬ್ಬಿಯಲ್ಲಿ ತುಂಬಿ, ಸಂಗ್ರಹಿಸುವ ಸರ್ವೀಸ್ ಸೆಂಟರ್‌ಗೆ ಕೊಟ್ಟುಬಿಡಿ. ಡಬ್ಬಿಗೆ ತೂತು ಮಾಡುವುದು ಆಮೇಲಿನ ಕೆಲಸ.