ವಿಮೆಯ ಕರಾರಿನಲ್ಲಿ ಮೂರನೆಯವರು

ಮೋಟಾರು ವಿಮೆಯ ಪಾಲಿಸಿ ಇಬ್ಬರ ನಡುವಣ ಕರಾರು. ಕಂತು ಕಟ್ಟುವವರು ವಾಹನದ ಮಾಲೀಕರು. ರಸೀತಿ ಕೊಡುವವರು ವಿಮಾ ಕಂಪೆನಿಯವರು. ಆದರೆ ಆ ವಾಹನ ಬೀದಿಯಲ್ಲಿ ನಡೆದುಹೋಗುತ್ತಿದ್ದವನೊಬ್ಬನಿಗೆ ಬಡಿದು ಅವನ ಕಾಲು ಮುರಿದರೆ? ಅವನು ಕರಾರಿಗೆ ಸೇರಿದವನಲ್ಲ. ಪಾಲಿಸಿಯನ್ನು ಕಣ್ಣಾರೆ ಕಂಡವನೂ ಅಲ್ಲ. ಅವನು ಯಾವ ಹಕ್ಕಿನಿಂದ ಕಂಪೆನಿಯನ್ನು ಹಣ ಕೇಳಬೇಕು? ಈ ಪ್ರಶ್ನೆಗೆ ತಕ್ಕ ಉತ್ತರ ದೊರೆಯಲು ಅನೇಕ ವರ್ಷಗಳು ಹಿಡಿದುವು.

ಇಂಗ್ಲೆಂಡಿನಲ್ಲಿ ತೀರ್ಮಾನವಾದ ಹ್ಯಾರಿಂಗ್ಟನ್ ಮೋಟಾರ್ ಕಂಪೆನಿಯ ಮೊಕದ್ದಮೆಯನ್ನು ನೋಡೋಣ. ಆ ಕಂಪೆನಿಯ ವಾಹನದಿಂದ ಗಾಯಗೊಂಡವರೊಬ್ಬರು ನ್ಯಾಯಾಲಯದಲ್ಲಿ ಗೆದ್ದರು. ಆದರೆ ಕಂಪೆನಿ ದಿವಾಳಿಯಾಗಿತ್ತು. ವಿಮೆಯ ಹಣವೇನೋ ಬಂದಿತು. ಸೇರಿದ್ದು ಮಾತ್ರ ದಿವಾಳಿಯ ಲೆಕ್ಕಕ್ಕೆ. ಗಾಯಾಳು ಉಳಿದ ಸಾಲಕೊಟ್ಟವರ ಸಾಲಿನಲ್ಲಿ ನಿಂತು, ತನ್ನ ಪಾಲಿಗೆ ಬಂದಷ್ಟನ್ನು ಪಡೆಯಬೇಕೆಂದು ತೀರ್ಪಾಯಿತು. ಅವರ ಗಾಯದ ಹಣ ಇತರರ ಬಾಕಿಯನ್ನು ತೀರಿಸಿತು! ಈ ಅನ್ಯಾಯವನ್ನು ಸರಿಪಡಿಸಲು 1930ರಲ್ಲಿ ಅಲ್ಲಿ ಎರಡು ಕಾಯಿದೆಗಳಾದುವು. ಒಂದು, ದಾರಿಯಲ್ಲಿ ಹೋಗುವ ಮೂರನೆಯವರ ಸಲುವಾಗಿ ಪ್ರತಿ ವಾಹನಕ್ಕೂ ವಿಮೆ ಇರಲೇಬೇಕೆಂದಿತು. ಇನ್ನೊಂದು, ಮಾಲೀಕ ದಿವಾಳಿಯಾದರೆ ಗಾಯಾಳುವೇ ಕಂಪೆನಿಯಿಂದ ನೇರವಾಗಿ ಹಣ ವಸೂಲು ಮಾಡಬಹುದೆಂದಿತು.

ನಮ್ಮ ದೇಶದ 1939ರ ಮೋಟಾರು ವಾಹನಗಳ ಕಾಯಿದೆಯೂ ಇದೇ ದಾರಿಯನ್ನು ಹಿಡಿಯಿತು. ಆದರೆ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಮಾಲೀಕನ ಮೇಲೆ ಆದ ತೀರ್ಪಿನ ಹಣವನ್ನು ಕಂಪೆನಿಯೇ ಸಲ್ಲಿಸಬೇಕು. ತಪ್ಪಿಸಿಕೊಳ್ಳಲು ಅದಕ್ಕೆ ಕೆಲವೇ ಕಾರಣಗಳುಂಟು. ಕಾಯಿದೆಯಲ್ಲಿ ಹೇಳಿದ ಆ ಕಾರಣಗಳನ್ನು ಬಿಟ್ಟು ಬೇರೆ ತಕರಾರನ್ನು ಕಂಪೆನಿ ತನ್ನ ಹೆಸರಿನಲ್ಲಿ ಎತ್ತಲಾಗದೆಂದು ಸರ್ವೋಚ್ಚ ನ್ಯಾಯಾಲಯ 1959ರಲ್ಲಿ ತೀರ್ಪಿತ್ತಿತು.

ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಪಡೆಯುವ ದಾರಿಯೂ ಸುಲಭವಾಗಬೇಕಷ್ಟೆ. ಮೊದಲು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಕೇಳಿದ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕಾಗಿತ್ತು. ದುಡಿಯುವ ಗಂಡನನ್ನು ಕಳೆದುಕೊಂಡ ಹೆಂಗಸು ಆ ಶುಲ್ಕವನ್ನು ಎಲ್ಲಿಂದ ತಂದಾಳು? 1956ರ ತಿದ್ದುಪಡಿಯಿಂದ ಪರಿಹಾರ ನ್ಯಾಯಮಂಡಳಿಗಳು ಏರ್ಪಟ್ಟುವು. ಒಂದು ಅರ್ಜಿಯೇ ಸಾಕಾಯಿತು. ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಇಂದಿಗೂ ಇಂಥ ಅರ್ಜಿಗಳು ನಡೆಯುತ್ತವೆ. 1994ರ ತಿದ್ದುಪಡಿಯಾದ ಮೇಲೆ ಅರ್ಜಿದಾರರು ತಾವು ವಾಸಿಸುವ ಕಡೆಯೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಪೆಟ್ಟು ತಿಂದ ಹಾಸನದವರು ವಾಯಿದೆಗೊಮ್ಮೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ತಪ್ಪು ಯಾರದೆಂದು ರುಜುವಾತಾಗದಿದ್ದರೂ ಒಂದಿಷ್ಟು ಹಣ ಸಿಗಬೇಕೆಂಬ ನಿಯಮ 1982ರಲ್ಲಿ ಬಂದಿತು. ಆಗ ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಇದನ್ನು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಮಾಡಿದೆ. ಅಷ್ಟೇ ಅಲ್ಲ, ಅಪಘಾತದ ಸುದ್ದಿ ತಿಳಿದ 30 ದಿನಗಳೊಳಗೆ ಕಂಪೆನಿಯ ಅಧಿಕಾರಿಯೇ ನ್ಯಾಯಮಂಡಳಿಯ ಮುಂದೆ ಇಷ್ಟು ಕೊಡುತ್ತೇವೆಂದು ತಿಳಿಸಬೇಕು. ಒಪ್ಪಿದರೆ ಹಣ, ಒಪ್ಪದಿದ್ದರೆ ವಿಚಾರಣೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ರೀತಿಯಲ್ಲಿ ಆ ನಿಗದಿಯಾದ ಪರಿಹಾರವನ್ನು ಒಪ್ಪಿಕೊಂಡರೆ ಹೆಚ್ಚಿನ ಮೊತ್ತಕ್ಕಾಗಿ ಹಾಕಿದ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮನೆಯಲ್ಲಿ ದುಡಿಯುವವರು ಹೋಗಿ, ಓದುವ ಮಕ್ಕಳಿರುವಾಗ ಮೊದಲು ಬಂದ ಮೊತ್ತ ದೊಡ್ಡದಾಗಿಯೇ ಕಂಡೀತು. ಸಹಿ ಹಾಕುವ ಮುನ್ನ, ಹೋದವರ ವಯಸ್ಸೆಷ್ಟು, ಸಂಪಾದನೆಯೆಷ್ಟು, ಅವರನ್ನು ನಂಬಿದವರೆಷ್ಟು ಮಂದಿ ಎಂದು ಬಲ್ಲವರೊಡನೆ ಕುಳಿತು ಲೆಕ್ಕ ಹಾಕುವುದು ಮೇಲು. ನ್ಯಾಯಮಂಡಳಿಯೂ ಇದನ್ನೇ ಕೇಳುತ್ತದೆ. ವಾಹನದ ವಿಮೆ ಯಾವ ಕಂಪೆನಿಯದೆಂದು ತಿಳಿಯದಿದ್ದರೆ ಪೋಲೀಸರಾಗಲಿ ನೋಂದಣಿ ಕಚೇರಿಯವರಾಗಲಿ ತಿಳಿಸಬೇಕೆಂದು ಕಾಯಿದೆಯಲ್ಲೇ ಇದೆ.

ಕಂಪೆನಿಯವರ ಎದುರು ಕೂರುವಾಗ ಸಂಕೋಚಪಡಬೇಕಾದದ್ದಿಲ್ಲ. ಅವರು ಕೊಡುವುದು ದಾನವಲ್ಲ, ಋಣ.